ಮಾವನ ನೌಕರಿ, ಅತ್ತೆಯ ಸರ್ವಿಸು

ಹೆಣ್ಣು ಕೊಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಹುಡುಗ ಏನು ಮಾಡ್ಕೊಂಡಿದಾನೆ? ಇದಕ್ಕೆ ಉತ್ತರ ಚಿಕ್ಕದಿದ್ದಷ್ಟೂ ಒಳ್ಳೆಯದು. 'ಮೇಷ್ಟ್ರು', 'ಬ್ಯಾಂಕು', 'ಕೆ.ಇ.ಬಿ.' ಅಂದುಬಿಟ್ಟರೆ ಮುಗಿಯಿತು, ಮುಂದಿನ ಮಾತು ಛತ್ರದ್ದು. ಉತ್ತರ ಉದ್ದವಾಗುತ್ತ ಹೋದಂತೆ ಹೆಣ್ಣಿನ ಅಪ್ಪನ ಮುಖ ಚಿಕ್ಕದಾಗುತ್ತ ಹೋಗುತ್ತದೆ.

ನಮ್ಮ ಸೋದರಮಾವನ ಉತ್ತರ ಮದುವೆಯ ಹೊತ್ತಿಗೆ ಚಿಕ್ಕದಾಗಿಯೇ ಇತ್ತು: ದಾವಣಗೆರೆ, ಹತ್ತಿ ಮಿಲ್ಲು, ಖಾಯಂ. ಎಪ್ಪತ್ತರ ದಶಕದ ಕೊನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಮಕ್ಕಳು ಉರು ಹೊಡೆಯುತ್ತಿದ್ದ ಕಾಲ. ಹೊನ್ನಾಳಿ ಕಡೆಯ ಬೀಗರು 'ಪಿ.ಎಫ್. ಹಿಡೀತಾರಾ?' ಅಂತ ಕೇಳಿ, ಹಿಡೀತಾರೆ ಎಂದು ಗೊತ್ತಾದ ಕೂಡಲೇ ಎಲೆ ಅಡಿಕೆ ಬದಲಾಯಿಸಿದರಂತೆ. ಆಮೇಲೆ ಆ ಉತ್ತರ ಬೆಳೆದ ಪರಿಯನ್ನು ಪಾಪ ಅವರು ಪೂರ್ತಿ ನೋಡಲಿಲ್ಲ. ಮಿಲ್ಲಾದ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್, ಅದರ ಬೆನ್ನಿಗೆ ಎಸ್.ಟಿ.ಡಿ. ಬೂತು, ಒಂದಷ್ಟು ದಿನ ಮಂಡಕ್ಕಿ ವ್ಯಾಪಾರ, ಕೊನೆಗೆ ಎಲ್.ಐ.ಸಿ. ಏಜೆನ್ಸಿ. ನೆಂಟರಿಷ್ಟರು ಸೇರಿ ಮಾವನಿಗೆ ದಯಪಾಲಿಸಿದ ಬಿರುದು: 'ಒಂದು ಕಡೆ ನಿಲ್ಲೋ ಆಸಾಮಿ ಅಲ್ಲ.'

ಈ ಬಿರುದಿನಲ್ಲಿ ನ್ಯಾಯವಿಲ್ಲ. ಡಿ.ವಿ.ಜಿ.ಯವರು ಪತ್ರಿಕೆಗೆ ಬರುವ ಮೊದಲು ಕೋಲಾರದ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲೂ, ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಹೊಡೆಯುವಲ್ಲೂ ದುಡಿದವರು. ಕಾರಂತರು ಕಾಲೇಜು ಬಿಟ್ಟು ಖಾದಿ ಮಾರಿದರು, ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿ ಕುಣಿದರು. ಅವರು ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರೆ ನಾವು ಗೌರವದಿಂದ ಕೊಂಡು ಓದುತ್ತೇವೆ. ನಮ್ಮ ಮಾವನಿಗೆ ನಾಲ್ಕೈದು ಮುಖ ಮೂಡಿದ್ದಕ್ಕೆ ಮದುವೆ ಮನೆಯ ಪಂಕ್ತಿಯಲ್ಲಿ ನಗೆಪಾಟಲು. ಅದೂ ಅಲ್ಲದೆ, ಮಾವ ಯಾವ ಕೆಲಸವನ್ನೂ ತಾನಾಗಿ ಬಿಟ್ಟವನಲ್ಲ. ಕೆಲಸಗಳೇ ಒಂದಾದ ಮೇಲೊಂದು ಅವನನ್ನು ಬಿಟ್ಟು ಹೋದವು. ಮಿಲ್ಲು ಬಾಗಿಲು ಹಾಕಿತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಇದರಲ್ಲಿ ಅವನ ಚಂಚಲತೆ ಎಲ್ಲಿದೆ?

ಪಿ.ಯು.ಸಿ. ಓದಲು ನಾನು ಮಾವನ ಮನೆಯಲ್ಲಿದ್ದೆ. ಆಮೇಲೂ ರಜೆ ಸಿಕ್ಕಿದಾಗೆಲ್ಲ ಹೋಗುತ್ತಿದ್ದೆ. ಹಾಗಾಗಿ ಮಾವನ ವೃತ್ತಿಜೀವನವನ್ನು ನಾನು ನೋಡಿದ್ದು ಅಡುಗೆಮನೆಯ ಬಾಗಿಲಿನಿಂದ. ಅಲ್ಲಿಂದ ನೋಡಿದವರಿಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಕೆಲಸ ಬದಲಾದದ್ದು ಮಾವನದು, ಪ್ರತಿ ಸಲ ಹೊಸದಾಗಿ ಕೆಲಸಕ್ಕೆ ಸೇರಿದ್ದು ಅತ್ತೆ.

ಮಿಲ್ಲಿನ ದಿನಗಳನ್ನು ನಾನು ಕಂಡಿಲ್ಲ, ಅತ್ತೆ ಹೇಳಿ ಕೇಳಿದ್ದು. ಮಾವ ಸ್ಪಿನ್ನಿಂಗ್ ಖಾತೆಯಲ್ಲಿ, ಮೂರು ಪಾಳಿ. ರಾತ್ರಿ ಪಾಳಿಯಿದ್ದ ವಾರ ಮನೆಯಲ್ಲಿ ಹಗಲೇ ರಾತ್ರಿ. ಕೈಗೂಸು ಅತ್ತರೆ ಎತ್ತಿಕೊಂಡು ಹಿಂದಿನ ಓಣಿಗೆ ಹೋಗಬೇಕು, ಪಾತ್ರೆ ಸದ್ದಾಗದಂತೆ ತೊಳೆಯಬೇಕು, ಒಗ್ಗರಣೆ ಸಿಡಿಯುವ ಅಡುಗೆಯನ್ನೆಲ್ಲ ಮಾವ ಏಳುವ ಮೊದಲು ಮಾಡುವಂತಿಲ್ಲ. ಅಂಗಿಗೆ, ಕಿವಿಯ ಹಿಂದೆ, ಹುಬ್ಬಿಗೆ ಅಂಟಿದ ಹತ್ತಿಯ ಎಳೆಗಳನ್ನು ಬಾಗಿಲಲ್ಲೇ ಒದರಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳಂತೆ. 'ಆಗ ನಿಮ್ ಮಾವನ್ ತಲೆ ಸಣ್ಣ ವಯಸ್ಸಿಗೇ ಬೆಳ್ಳಗೆ ಕಾಣ್ತಿತ್ತು ಕಣೋ. ಈಗ ನಿಜವಾಗ್ಲೂ ಬೆಳ್ಳಗಾಗೈತಿ, ಒದರಿದ್ರೂ ಹೋಗಲ್ಲ' ಎಂದು ನಗುತ್ತಾಳೆ. ಮಿಲ್ಲಿನ ಸೈರನ್ನಿಗೇ ಓಣಿಯ ಗಡಿಯಾರಗಳೆಲ್ಲ ನಡೆಯುತ್ತಿದ್ದವು. ಅದು ನಿಂತ ದಿನ ಎಷ್ಟೋ ಮನೆಗಳಲ್ಲಿ ಅಕ್ಕಿ ಯಾವಾಗ ಹಾಕಬೇಕೆಂದೇ ತಿಳಿಯಲಿಲ್ಲವಂತೆ.

ಮಿಲ್ಲಿನ ಲೆಕ್ಕ ಚುಕ್ತಾ ಆಗಿ ಕೈಗೆ ಬಂದ ಹಣದಲ್ಲಿ ಮಾವ ಹಳೆಯ ರೆಮಿಂಗ್ಟನ್, ಹಾಲ್ಡಾ ಮಷೀನುಗಳನ್ನು ಹೊತ್ತು ತಂದ. ಎಸ್.ಎಸ್.ಎಲ್.ಸಿ. ಆದ ಮೇಲೆ ಟೈಪಿಂಗಿನಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿಟ್ಟುಕೊಂಡಿದ್ದ. ಸರ್ಕಾರಿ ನೌಕರಿಯ ಆಸೆಗೆ ಊರಿನ ಹುಡುಗ ಹುಡುಗಿಯರೆಲ್ಲ 'ಎ ಎಸ್ ಡಿ ಎಫ್' ಕುಟ್ಟುತ್ತಿದ್ದ ಕಾಲ ಅದು. ಪಡಸಾಲೆಯಲ್ಲಿದ್ದ ಮಂಚ ಹಿತ್ತಲಿಗೆ ಹೋಯಿತು, ದೇವರ ಗೂಡು ಅಡುಗೆಮನೆಗೆ ಬಂತು, ಗೋಡೆಗುಂಟ ಮೇಜುಗಳು ಕೂತವು. ಬೆಳಗ್ಗೆ ಆರರ ಬ್ಯಾಚು ಹುಡುಗಿಯರದು. ಹೆಂಗಸರು ಯಾರಾದರೂ ಇದ್ದರೆ ಮಾತ್ರ ಕಳಿಸುತ್ತೇವೆಂದು ತಾಯಂದಿರು ಪಟ್ಟು ಹಿಡಿದದ್ದರಿಂದ ಅತ್ತೆ ಒಲೆ ಮೇಲೆ ಹಾಲಿಟ್ಟು ಅಲ್ಲಿ ಬಂದು ಕೂರತೊಡಗಿದಳು. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಮೊದಲು ರಿಬ್ಬನ್ ಬದಲಾಯಿಸುವುದು, ಆಮೇಲೆ ಅಕ್ಷರದ ಅಚ್ಚಿನಲ್ಲಿ ಕೂತ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವುದು. ನೋಡನೋಡುತ್ತ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಮಷೀನು ಪೂರ್ತಿ ಅವಳ ಕೈಗೆ ಬಂತು.

ಇಂಗ್ಲಿಷಿನಲ್ಲಿ ಮಾವನಿಗೆ ಸರಿಸಾಟಿ ಇರಲಿಲ್ಲ, ಕನ್ನಡಕ್ಕೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದ. ವಿಧವಾ ವೇತನ, ಪಹಣಿ ತಿದ್ದುಪಡಿ, ತಹಶೀಲ್ದಾರರಿಗೆ ಅರ್ಜಿ, ಹೀಗೆ ಕಾಗದ ಹಿಡಿದು ಬಂದವರನ್ನು ಅತ್ತೆಯೇ ಕೂರಿಸಿಕೊಳ್ಳುತ್ತಿದ್ದಳು. ಅವರು ಹೇಳಿದ್ದನ್ನು ಹಾಗೆಯೇ ಕುಟ್ಟುವವಳೂ ಅಲ್ಲ. 'ನಿನ್ ಮೈದುನನ್ ಬೈಗುಳ ತಹಶೀಲ್ದಾರ್ ಸಾಹೇಬ್ರಿಗೆ ಯಾಕಮ್ಮ? ಸರ್ವೆ ನಂಬರ್ ಹೇಳು' ಎಂದು ಕಥೆಯನ್ನೆಲ್ಲ ಹಿಂಡಿ, ಮೇಲೊಂದು 'ಮಾನ್ಯರೇ', ಕೆಳಗೊಂದು 'ತಮ್ಮ ವಿಧೇಯ', ನಡುವೆ ಐದಾರು ಸಾಲು. ಬೋರ್ಡಿನ ಮೇಲೆ ಪ್ರಿನ್ಸಿಪಾಲ್ ಎಂದು ಮಾವನ ಹೆಸರಿತ್ತು. ಜನ ಮಾತ್ರ 'ಅಕ್ಕೋರು ಅದಾರಾ?' ಎಂದು ಕೇಳಿಕೊಂಡೇ ಬರುತ್ತಿದ್ದರು.

ಎಸ್.ಟಿ.ಡಿ. ಬೂತಿನ ಕಾಲವೇ ಆ ಮನೆಯ ವೈಭವದ ಕಾಲ. ಎಂಬತ್ತರ ದಶಕದ ಕೊನೆಯಿಂದ ಹಳದಿ ಬೋರ್ಡುಗಳು ದೇಶದ ತುಂಬ ಎದ್ದಿದ್ದವು. ತೊಂಬತ್ತರ ಸುಮಾರಿಗೆ ನಮ್ಮ ಮನೆಯ ಮುಂದೂ ಒಂದು ಎದ್ದಿತು. ಪಡಸಾಲೆಯ ಮೂಲೆಯಲ್ಲಿ ಗಾಜಿನ ಕ್ಯಾಬಿನ್, ಒಳಗೆ ಒಂದು ಸ್ಟೂಲು, ತಲೆಗೆ ತಾಗುವಂಥ ಪುಟ್ಟ ಫ್ಯಾನು, ಹೊರಗೆ ಕೆಂಪು ಅಂಕಿಗಳ ಮೀಟರು. ರಾತ್ರಿ ಹೊತ್ತು ಏರಿದಂತೆ ದರ ಇಳಿಯುತ್ತಿತ್ತು, ಅರ್ಧ, ಆಮೇಲೆ ಕಾಲು. ಕಾಲು ದರದ ಹೊತ್ತಿಗೆ ಮೆಡಿಕಲ್ ಕಾಲೇಜಿನ ಉತ್ತರದ ಹುಡುಗರು ಸಾಲುಗಟ್ಟಿ ನಿಲ್ಲುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಮಾವ ಕೂತರೆ, ಮಧ್ಯಾಹ್ನ ಅವನು ಮಲಗಿದಾಗ ಅತ್ತೆ, ರಾತ್ರಿ ಅವನಿಗೆ ಕಣ್ಣು ಎಳೆದಾಗಲೂ ಅತ್ತೆ. ಹೊರಗಿನಿಂದ ಬರುವ ಕರೆಗಳ ಕಥೆಯೇ ಬೇರೆ. 'ಆಚೆ ಓಣಿ ತುದಿ ಮನೆಯ ಶಿಕ್ಷಕರನ್ನ ಕರೀರಿ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ' ಎಂದರೆ ಓಡುವವಳು ಅವಳೇ. ಹೆರಿಗೆ, ಸಾವು, ಕೆಲಸ ಸಿಕ್ಕಿದ್ದು, ವರ ಒಪ್ಪದ್ದು, ಓಣಿಯ ಮಟ್ಟಿಗೆ ಎಲ್ಲವೂ ಮೊದಲು ಬೀಳುತ್ತಿದ್ದದ್ದು ಅವಳ ಕಿವಿಗೆ.

ದೂರ ಹೆಚ್ಚಿದಷ್ಟೂ ಜೋರಾಗಿ ಮಾತಾಡಬೇಕೆಂಬುದು ನಮ್ಮ ಜನರ ನಂಬಿಕೆ. ಹರಿಹರಕ್ಕೆ ಪಿಸುಮಾತು, ಮುಂಬೈಗೆ ಕೂಗು, ದುಬೈಗೆ ಆರ್ಭಟ. ಗಾಜು ಏನನ್ನೂ ತಡೆಯುತ್ತಿರಲಿಲ್ಲ. ಒಂದು ರಾತ್ರಿ ಕ್ಯಾಬಿನ್ನಿನೊಳಗೆ ಹೆಂಗಸೊಬ್ಬಳು ತವರಿಗೆ ಫೋನು ಹಚ್ಚಿ ಬಿಕ್ಕತೊಡಗಿದಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರ ಕಿವಿ ನೆಟ್ಟಗಾದವು. ಅತ್ತೆ ಎದ್ದು ಒಳಗೆ ಹೋಗಿ ಮಿಕ್ಸಿ ಹಾಕಿದಳು. ಆಗಿನ ಮಿಕ್ಸಿಗಳ ಸದ್ದು ಗೊತ್ತಲ್ಲ, ಪಕ್ಕದಲ್ಲಿ ನಿಂತವರ ಮಾತು ಪಕ್ಕದಲ್ಲಿದ್ದವರಿಗೆ ಕೇಳಿಸದು. ಮಾವ ನಿದ್ದೆಗಣ್ಣಲ್ಲಿ ಎದ್ದು ಬಂದು 'ಈ ಹೊತ್ನಾಗ ಏನೇ ಅದು ರುಬ್ಬೋದು?' ಎಂದು ಕೂಗಿದ. ಜಾರಿನಲ್ಲಿ ಏನೂ ಇರಲಿಲ್ಲ. ಆ ಹೆಂಗಸು ಹೊರಬಂದು ಸ್ಲಿಪ್ಪು ಹರಿಸಿಕೊಂಡು ದುಡ್ಡು ಎಣಿಸುವತನಕ ಅದು ಖಾಲಿಯೇ ತಿರುಗಿತು. ಆಮೇಲೆ ಇದು ಆ ಬೂತಿನ ಕಾಯಂ ಪದ್ಧತಿಯಾಯಿತು. ಬೂತಿನ ಲೈಸೆನ್ಸು ಮಾವನ ಹೆಸರಿನಲ್ಲಿತ್ತು. ಮಿಕ್ಸಿ ಹಾಕಬೇಕೆಂದು ಯಾವ ಲೈಸೆನ್ಸಿನಲ್ಲೂ ಬರೆದಿರುವುದಿಲ್ಲ.

2003ರಲ್ಲಿ ಮೊಬೈಲಿಗೆ ಬರುವ ಕರೆಗಳು ಪುಕ್ಕಟೆಯಾದವು. ಅಲ್ಲಿಗೆ ಬೂತಿನ ಕಥೆ ಮುಗಿಯಿತು. ಕೆಲವು ತಿಂಗಳು ಮಾವ ಮೀಟರಿನ ಧೂಳು ಒರೆಸುತ್ತ ಕೂತ. ನಂತರ ಭಟ್ಟಿಯಿಂದ ಸಗಟಿಗೆ ಮಂಡಕ್ಕಿ ತಂದು ಅಂಗಡಿಗಳಿಗೆ ಹಾಕುತ್ತೇನೆಂದು ಹೊರಟ. ಮಂಡಕ್ಕಿ ದಾವಣಗೆರೆಯ ಪ್ರಾಣ ನಿಜ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುವ ಭಟ್ಟಿಯವರ ದುಡಿಮೆ ಕಂಡವರಿಗೆ ಅದರ ಬೆಲೆ ಯಾಕಿಷ್ಟು ಕಡಿಮೆ ಎನಿಸಬೇಕು. ಆದರೆ ಅದು ತೂಕವಿಲ್ಲದ ಸರಕು, ಲಾಭವೂ ಅಷ್ಟೇ ಹಗುರ. ಚೀಲ ಮನೆ ತುಂಬಿದವು, ಮಳೆಗಾಲ ಬಂತು, ಮಂಡಕ್ಕಿ ಮೆತ್ತಗಾಯಿತು. ಆ ವರ್ಷ ನೆಂಟರ ಮನೆಗೆಲ್ಲ ಅತ್ತೆಯ ಕೈಯ ಒಗ್ಗರಣೆ ಮಂಡಕ್ಕಿ ಡಬ್ಬಗಟ್ಟಲೆ ಬಂತು. ಕಾರಣ ಗೊತ್ತಿದ್ದೂ ಯಾರೂ ಕೇಳಲಿಲ್ಲ. ಗಾಜಿನ ಕ್ಯಾಬಿನ್ ಈಗ ಅವಳ ವಶದಲ್ಲಿದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಭರಣಿ ಎಲ್ಲ ಅದರೊಳಗೆ. ಬಾಗಿಲು ಬಿಗಿಯಾಗಿ ಕೂರುವುದರಿಂದ ಇರುವೆ ಹೋಗುವುದಿಲ್ಲವಂತೆ.

ಇನ್ನು ಎಲ್.ಐ.ಸಿ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮಗನಿಗೆ ಕೆಲಸವಾಯಿತು, ಯಾರ ಮಗಳಿಗೆ ಮದುವೆ ಗೊತ್ತಾಯಿತು ಎಂಬುದೇ ಈ ವೃತ್ತಿಯ ಬಂಡವಾಳ. ಆ ಬಂಡವಾಳವೆಲ್ಲ ಬೂತಿನ ಕಾಲದಿಂದ ಅತ್ತೆಯಲ್ಲೇ ಜಮಾ ಆಗಿತ್ತು. ಅವಳು ಸುಳಿವು ಕೊಡುವಳು, ಮಾವ ಚರ್ಮದ ಬ್ಯಾಗು ಹಿಡಿದು ಹೋಗುವನು. ಯಾರ ಕಂತು ಯಾವ ತಾರೀಖಿಗೆ ಎಂದು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುವಳು. ಮಾರ್ಚ್ ಬಂತೆಂದರೆ ತೆರಿಗೆ ಉಳಿಸುವವರ ನೂಕುನುಗ್ಗಲು, ಅವರಿಗೆಲ್ಲ ಚಹಾ ಕಾಸುವಳು.

ಒಮ್ಮೆ ಮಾವ ಖುಷಿಯಿಂದ ಬಂದ. ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯವನಿಗೆ ದೊಡ್ಡ ಪಾಲಿಸಿ ಒಪ್ಪಿಸಿದ್ದನಂತೆ. ಮೊದಲ ವರ್ಷದ ಕಮಿಷನ್ನೇ ಈ ಕಸುಬಿನ ಬೆಲ್ಲ. ಅತ್ತೆ ಫಾರಂ ತೆಗೆದು ಕಂತಿನ ಮೊತ್ತ ನೋಡಿದಳು. 'ಅಲ್ರೀ, ಆ ಅಣ್ಣ ಹಾಲಿನೋರಿಗೇ ಎರಡು ತಿಂಗಳಿಂದ ಬಾಕಿ ಇಟ್ಟಾನೆ. ಇಷ್ಟು ಎಲ್ಲಿಂದ ಕಟ್ತಾನೆ? ಮೂರು ವರ್ಷ ತುಂಬೋಕ್ ಮೊದ್ಲು ನಿಲ್ಸಿದ್ರೆ ಕಟ್ಟಿದ್ದೂ ಹೋಗತೈತಿ ಅಂತ ನೀವೇ ಹೇಳ್ತಿದ್ರಲ್ಲ? ಹೋಗಿ ಸಣ್ಣದು ಮಾಡಿಸ್ಕೊಂಡ್ ಬರ್ರಿ.' ಮಾವ ಗೊಣಗಿದ, ಚಪ್ಪಲಿ ಮತ್ತೆ ಮೆಟ್ಟಿದ. ಕಲ್ಯಾಣದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾರಯ್ಯ ಗೊಣಗಿದನೋ ಇಲ್ಲವೋ, ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ನನ್ನ ಅನುಮಾನ, ಗೊಣಗಿಯೇ ಹೋಗಿರಬೇಕು.

ಅತ್ತೆಯ ಹೆಸರಲ್ಲೂ ಮಾವ ಒಂದು ಪಾಲಿಸಿ ಮಾಡಿಸಿದ್ದಾನೆ. ಫಾರಂ ತುಂಬಿದವನೂ ಅವನೇ. ಉದ್ಯೋಗ ಎಂಬಲ್ಲಿ 'ಗೃಹಿಣಿ', ಸ್ವಂತ ಆದಾಯ ಎಂಬಲ್ಲಿ ಒಂದು ಸಣ್ಣ ಅಡ್ಡಗೆರೆ. ಅವನ ಕೈಬರಹ ಮುದ್ದಾಗಿದೆ, ಗೆರೆಯೂ ನೇರವಾಗಿದೆ.

2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ಆ ಅಡ್ಡಗೆರೆ ಕೊನೆಗೂ ಅಳಿಸಿತು. ಸರ್ಕಾರದ ಲೆಕ್ಕದಲ್ಲಿ ಅತ್ತೆ ಮನೆಯ ಯಜಮಾನಿ, ತಿಂಗಳಿಗೆ ಎರಡು ಸಾವಿರ ನೇರ ಅವಳ ಖಾತೆಗೆ. ಕೆಲವು ಸಲ ತಡವಾಗಿ ಬರುತ್ತದೆ, ಆಗ ಎರಡೆರಡು ಕಂತು ಒಟ್ಟಿಗೆ. ಪಾಸ್‌ಬುಕ್ಕು ಕ್ಯಾಬಿನ್ನಿನೊಳಗೆ, ಉಪ್ಪಿನಕಾಯಿ ಭರಣಿಯ ಹಿಂದೆ. ಎಪ್ಪತ್ತು ದಾಟಿದ ಮಾವನಿಗೆ ಏಜೆನ್ಸಿಯ ಓಡಾಟ ಈಗ ಆಗುವುದಿಲ್ಲ. ಆದರೆ ತಲೆ ಸುಮ್ಮನಿರಬೇಕಲ್ಲ. ಹೋದ ದೀಪಾವಳಿಗೆ ನಾನು ಹೋದಾಗ ಹೊಸ ಯೋಜನೆ ಬಿಚ್ಚಿದ. ಪೇಟೆಯಲ್ಲೆಲ್ಲ ಈಗ ಮರದ ಗಾಣದ ಎಣ್ಣೆಗೆ ಬಲು ಗಿರಾಕಿ. ಒಂದು ಚಿಕ್ಕ ಗಾಣ ಪಡಸಾಲೆಯಲ್ಲಿ ಹಾಕಿಕೊಂಡರೆ ಶೇಂಗಾ, ಕುಸುಬೆ, ಕೊಬ್ಬರಿ ಮೂರೂ ಆಗುತ್ತದೆ. ಬಂಡವಾಳ ಸ್ವಲ್ಪ ಕಡಿಮೆ ಬೀಳುತ್ತದೆ, ಅಷ್ಟೆ. ಹೇಳುತ್ತ ಹೇಳುತ್ತ ಕ್ಯಾಬಿನ್ನಿನ ಕಡೆ ನೋಡಿದ.

'ಗಾಣ ತಿರುಗ್ಸೋರು ಯಾರು?' ಎಂದಳು ಅತ್ತೆ, ಕರಿದ ಚಕ್ಕುಲಿಯನ್ನು ಪೇಪರಿನ ಮೇಲೆ ಹರಡುತ್ತ.

'ಕರೆಂಟಿಂದು ಕಣೇ. ಮೋಟ್ರು ತಿರುಗಸ್ತೈತಿ.'

'ಮೋಟ್ರು ಹಾಕೋರು ಯಾರು? ಕಾಳು ಹಸನು ಮಾಡೋರು ಯಾರು? ಹಿಂಡಿ ತೆಗೆಯೋರು, ಬಾಟ್ಲಿ ತೊಳೆಯೋರು?'

ಮಾವ ಉತ್ತರಕ್ಕೆ ನನ್ನ ಮುಖ ನೋಡಿದ. ನಾನು ಚಕ್ಕುಲಿಗೆ ಕೈಹಾಕಿದೆ.

ಅತ್ತೆ ಬಾಣಲೆ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡಳು. 'ದುಡ್ಡು ಕೊಡ್ತೀನಿ. ಲಾಭದಾಗ ಅರ್ಧ ನಂದು. ಬೋರ್ಡಿನ್ ಮ್ಯಾಲೆ ಪ್ರೊಪ್ರೈಟರ್ ಅಂತ ನನ್ ಹೆಸ್ರು. ಮತ್ತೆ ಈ ಸಲ ಮಧ್ಯಾಹ್ನ ಮಲಗೋಳು ನಾನು.'

ಮಾವ ಅರ್ಧದ ಬಗ್ಗೆ ತಕರಾರು ತೆಗೆಯಲಿಲ್ಲ, ಬೋರ್ಡಿನ ಬಗ್ಗೆಯೂ ಇಲ್ಲ. ಮಧ್ಯಾಹ್ನದ ನಿದ್ದೆಯ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು.