ಎರಡು ವರ್ಷವಾ, ಐದು ವರ್ಷವಾ?

ಇಂಗ್ಲೆಂಡಿನಲ್ಲಿ ಮನೆ ಸಾಲ ಅಂದರೆ ನಮ್ಮೂರಿನ ಹಾಗೆ ಒಂದು ಸಲ ಸಹಿ ಹಾಕಿ ಇಪ್ಪತ್ತು ವರ್ಷ ಕಟ್ಟಿಕೊಂಡು ಹೋಗುವ ವ್ಯವಹಾರ ಅಲ್ಲ. ಸಾಲದ ಅವಧಿ ಇಪ್ಪತ್ತೈದೋ ಮೂವತ್ತೋ ವರ್ಷ ಇರುತ್ತೆ, ಆದರೆ ಬಡ್ಡಿದರ ಫಿಕ್ಸ್ ಆಗುವುದು ಸಾಮಾನ್ಯವಾಗಿ ಎರಡು ವರ್ಷಕ್ಕೆ, ಇಲ್ಲಾ ಐದು ವರ್ಷಕ್ಕೆ. ಅದು ಮುಗಿದ ಮೇಲೆ ಸುಮ್ಮನೆ ಕೂತರೆ ಬ್ಯಾಂಕಿನವರು ‘ಸ್ಟ್ಯಾಂಡರ್ಡ್ ವೇರಿಯಬಲ್ ರೇಟ್’ ಅನ್ನೋ ದುಬಾರಿ ದರಕ್ಕೆ ತಳ್ಳುತ್ತಾರೆ. ಹಾಗಾಗಿ ಗಡುವಿಗೆ ಮುಂಚೆಯೇ ಹೊಸ ಫಿಕ್ಸ್ ಹುಡುಕಿಕೊಳ್ಳಬೇಕು. ಇಲ್ಲಿ ಹುಟ್ಟಿ ಬೆಳೆದವರು ಇದನ್ನು ಕಾರಿನ ಇನ್ಶೂರೆನ್ಸ್ ರಿನ್ಯೂ ಮಾಡಿದಷ್ಟೇ ಸಲೀಸಾಗಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಎರಡು ವರ್ಷಕ್ಕೊಮ್ಮೆ ಬರುವ ಈ ಪ್ರಶ್ನೆ ಬಡ್ಡಿಯದ್ದಾಗಿ ಉಳಿಯೋದೇ ಇಲ್ಲ. ನಾವು ಇನ್ನೆಷ್ಟು ವರ್ಷ ಇಲ್ಲಿರ್ತೀವಿ ಅನ್ನೋದೇ ಚರ್ಚೆಯಾಗಿಬಿಡುತ್ತೆ.

ನಾವಿರುವುದು ರೆಡಿಂಗ್‌ನಲ್ಲಿ, ಲಂಡನ್ನಿನ ಪಶ್ಚಿಮಕ್ಕೆ. (ಬರೆಯುವುದು ರೀಡಿಂಗ್ ಅಂತ, ಓದುವುದು ರೆಡಿಂಗ್ ಅಂತ. ಮೊದಲ ತಿಂಗಳು ನಾನು ರೈಲ್ವೆ ಸ್ಟೇಷನ್ನಿನಲ್ಲಿ ಸಾಕಷ್ಟು ಜನರನ್ನು ನಗಿಸಿದ್ದೀನಿ.) 2018ರಲ್ಲಿ ಬಂದೆವು. 2021ರ ಅಕ್ಟೋಬರ್‌ನಲ್ಲಿ ಎರಡು ಬೆಡ್‌ರೂಮಿನ, ಸಾಲುಮನೆಗಳ ನಡುವಿನ ಒಂದು ಪುಟ್ಟ ಮನೆ ಕೊಂಡೆವು. ಎರಡೂವರೆ ಲಕ್ಷ ಪೌಂಡ್ ಸಾಲ, ಮೂವತ್ತು ವರ್ಷ. ಆಗ ನಮ್ಮ ವೀಸಾ ಇದ್ದದ್ದೇ 2023ರವರೆಗೆ, ಆದ್ದರಿಂದ ಎರಡು ವರ್ಷದ ಫಿಕ್ಸ್. ದರ ಶೇ. 1.49. ತಿಂಗಳಿಗೆ 862 ಪೌಂಡ್ ಕಟ್ಟುತ್ತಿದ್ದೆವು. ಅದಕ್ಕೆ ಮೊದಲು ಕೊಡುತ್ತಿದ್ದ ಬಾಡಿಗೆ ಇದಕ್ಕಿಂತ ಜಾಸ್ತಿ ಇತ್ತು!

ಆಮೇಲೆ ಏನಾಯಿತು ಅನ್ನೋದು ಇಲ್ಲಿರುವ ಎಲ್ಲರಿಗೂ ಗೊತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ 2021ರ ಡಿಸೆಂಬರ್‌ನಲ್ಲಿ ತನ್ನ ಬೇಸ್ ರೇಟನ್ನು ಶೇ. 0.1ರಿಂದ 0.25ಕ್ಕೆ ಏರಿಸಿತು. ಅಲ್ಲಿಂದ ಒಂದರ ಹಿಂದೆ ಒಂದರಂತೆ ಹದಿನಾಲ್ಕು ಸಲ ಏರಿಸಿ 2023ರ ಆಗಸ್ಟ್ ಹೊತ್ತಿಗೆ ಶೇ. 5.25ಕ್ಕೆ ತಂದು ನಿಲ್ಲಿಸಿತು. ನಡುವೆ 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರದ ‘ಮಿನಿ ಬಜೆಟ್’ ಬೇರೆ. ಆ ವಾರ ಬ್ಯಾಂಕುಗಳು ತಮ್ಮ ಸಾಲದ ಆಫರ್‌ಗಳನ್ನೇ ವಾಪಸ್ ತೆಗೆದುಕೊಂಡವು. ಇವರ ಆಫೀಸಿನ ಒಬ್ಬರಿಗೆ ಮನೆ ಖರೀದಿ ಅರ್ಧದಲ್ಲಿ ನಿಂತುಹೋಯಿತು. ಅದನ್ನು ಹತ್ತಿರದಿಂದ ನೋಡಿದ್ದರಿಂದಲೋ ಏನೋ, ನಮ್ಮ ಸರದಿ ಬಂದಾಗ ಇವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಐದು ವರ್ಷ.

2023ರ ಬೇಸಿಗೆಯಲ್ಲಿ ನಮ್ಮ ಮುಂದೆ ಎರಡು ಆಫರ್ ಇದ್ದವು. ಎರಡು ವರ್ಷಕ್ಕೆ ಶೇ. 5.6, ಐದು ವರ್ಷಕ್ಕೆ ಶೇ. 5.2. ನನಗೆ ಇದು ತಲೆಕೆಳಗಾಗಿ ಕಂಡಿತು. ಜಾಸ್ತಿ ವರ್ಷ ದರ ಕಟ್ಟಿಹಾಕಿದರೆ ಜಾಸ್ತಿ ಬಡ್ಡಿ ಕೇಳಬೇಕು ತಾನೆ? ಬ್ರೋಕರ್ ತಾಳ್ಮೆಯಿಂದ ಬಿಡಿಸಿ ಹೇಳಿದರು. ಫಿಕ್ಸ್ ದರವನ್ನು ಬ್ಯಾಂಕುಗಳು ಈವತ್ತಿನ ಬೇಸ್ ರೇಟ್ ಒಂದನ್ನೇ ನೋಡಿ ಇಡೋದಿಲ್ಲ. ಮುಂದಿನ ಎರಡು ಅಥವಾ ಐದು ವರ್ಷದಲ್ಲಿ ದರ ಎಲ್ಲಿರಬಹುದು ಅಂತ ಮಾರುಕಟ್ಟೆ ಹಾಕಿದ ಅಂದಾಜನ್ನು ನೋಡಿ ಇಡುತ್ತವೆ. ಅದಕ್ಕೆ ಸ್ವಾಪ್ ರೇಟ್ ಅಂತ ಹೆಸರು. ದರ ಇಳಿಯುತ್ತೆ ಅಂತ ಎಲ್ಲರೂ ಎಣಿಸುತ್ತಿರುವಾಗ ಐದು ವರ್ಷದ ಸರಾಸರಿ ಕಡಿಮೆ ಬರುತ್ತೆ, ಹತ್ತಿರದ ಎರಡು ವರ್ಷದ್ದು ಜಾಸ್ತಿ. “ಹಾಗಾದ್ರೆ ಇಳಿಯೋದು ಖಂಡಿತವಾ?” ಅಂದೆ. “ನಾನು ಜ್ಯೋತಿಷಿ ಅಲ್ಲ ಮೇಡಮ್” ಅಂದರು. ಆ ಉತ್ತರ ಕೇಳಿದ ಮೇಲೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಉಳಿದ ಸಾಲ 2,36,500 ಪೌಂಡ್ ಚಿಲ್ಲರೆ. ಐದು ವರ್ಷದ್ದಾದರೆ ತಿಂಗಳಿಗೆ 1,338, ಎರಡು ವರ್ಷದ್ದಾದರೆ 1,396. ಯಾವುದಾದರೂ 862ರ ಮುಂದೆ ಎದೆ ಧಸಕ್ ಅನ್ನಿಸುವಂಥದ್ದೇ. ಆದರೆ ಎರಡರ ನಡುವಿನ ವ್ಯತ್ಯಾಸ 58 ಪೌಂಡ್. ನಾನು ಹಿಡಿದುಕೊಂಡಿದ್ದು ಆ 58ನ್ನು.

ಯಾಕೆ ಅಂದರೆ, ಹಾಸನದಲ್ಲಿ ಅಮ್ಮ ಒಬ್ಬಳೇ. ಅಪ್ಪ ಹೋದ ಮೇಲೆ ಅಣ್ಣ ಮೈಸೂರಿಗೆ ಬಾ ಅಂತ ಎಷ್ಟು ಕರೆದರೂ ಜಪ್ಪಯ್ಯ ಅಂದರೂ ಹೋಗಲಿಲ್ಲ. ಮಂಡಿನೋವು, ಬಿಪಿ, ರಾತ್ರಿ ಹೊತ್ತು ಫೋನ್ ಎತ್ತದಿದ್ದರೆ ನನಗಿಲ್ಲಿ ನಿದ್ದೆ ಇಲ್ಲ. ಇನ್ನೊಂದು ಕಡೆ ಮಗಳು ಆಗಷ್ಟೇ ಇಯರ್ ಫೋರ್ ಮುಗಿಸಿದ್ದಳು. ಇಲ್ಲಿ ಇಯರ್ ಸಿಕ್ಸ್ ಮುಗಿಸಿ ಹನ್ನೊಂದನೇ ವಯಸ್ಸಿಗೆ ಸೆಕೆಂಡರಿ ಶಾಲೆಗೆ ಹೋಗಬೇಕು. ಊರಿಗೆ ವಾಪಸ್ ಹೋಗುವುದೇ ಆದರೆ ಅದಕ್ಕೆ ಮುಂಚೆ ಹೋಗಬೇಕು, ಆಮೇಲೆ ಮಕ್ಕಳನ್ನು ಕಿತ್ತು ನೆಡೋದು ಕಷ್ಟ ಅಂತ ನಾವಿಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಬೆರಳೆಣಿಸಿ ನೋಡಿದರೆ 2025ರ ಜುಲೈ. ಎರಡು ವರ್ಷದ ಫಿಕ್ಸ್ ಮುಗಿಯುವುದು 2025ರ ಅಕ್ಟೋಬರ್. ಬ್ಯಾಂಕಿನವರಿಗೆ ನಮ್ಮ ಮನೆ ಕಥೆ ಗೊತ್ತಿದ್ದ ಹಾಗೆ ಕೂಡಿ ಬಂದಿತ್ತು.

“ರೀ, ಐದು ವರ್ಷಕ್ಕೆ ಬರೆದುಕೊಟ್ಟು ಮಧ್ಯದಲ್ಲಿ ಮನೆ ಮಾರಬೇಕಾಗಿ ಬಂದ್ರೆ?” ಅಂದೆ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಇದೆ, ‘ಅರ್ಲಿ ರೀಪೇಮೆಂಟ್ ಚಾರ್ಜ್’. ನಮಗೆ ಬಂದ ಆಫರ್‌ನಲ್ಲಿ ಮೊದಲ ವರ್ಷ ಶೇ. 5, ಆಮೇಲೆ ವರ್ಷಕ್ಕೊಂದು ಕಮ್ಮಿಯಾಗುತ್ತಾ 4, 3, 2, 1. ಮೂರನೇ ವರ್ಷದ ಶುರುವಿನಲ್ಲಿ ಮಾರಿದರೆ ಸುಮಾರು 6,850 ಪೌಂಡ್ ಸುಮ್ಮನೆ ಹೋಗುತ್ತೆ. ಇನ್ನೊಂದು ಮನೆಗೆ ಸಾಲವನ್ನು ವರ್ಗಾಯಿಸಿಕೊಳ್ಳಬಹುದು ಅಂತ ಇವರು ವಾದಿಸಿದರು. ನಿಜ, ಆದರೆ ಆ ಇನ್ನೊಂದು ಮನೆ ಇದೇ ದೇಶದಲ್ಲಿರಬೇಕು, ಹಾಸನದಲ್ಲಿದ್ದರೆ ಆಗಲ್ಲ. ಬಾಡಿಗೆಗೆ ಕೊಟ್ಟು ಹೋಗೋಣ ಅಂದರೆ ಅದಕ್ಕೂ ಬ್ಯಾಂಕಿನ ಒಪ್ಪಿಗೆ ಬೇಕು.

ಇವರ ಮಾತಿನಲ್ಲೂ ತೂಕ ಇತ್ತು. “ಎರಡು ವರ್ಷ ಆದ್ಮೇಲೆ ದರ ಏಳಾದ್ರೆ ಏನ್ ಮಾಡ್ತೀಯ? ನನಗೆ ನೆಮ್ಮದಿಯಾಗಿ ನಿದ್ದೆ ಬೇಕು ಕಣೇ” ಅಂದರು. ಈ ಮನೆಯಲ್ಲಿ ಸಂಬಳದ ದೊಡ್ಡ ಪಾಲು ತರುವವರು ಅವರು, ನನ್ನದು ಶಾಲೆಯಲ್ಲಿ ಅರೆಕಾಲಿಕ ಕೆಲಸ. ಆ ಹೆದರಿಕೆಯನ್ನು ತಳ್ಳಿಹಾಕೋ ಹಾಗಿರಲಿಲ್ಲ. ಅದಕ್ಕೇ ಒಂದು ಭಾನುವಾರ ಕೂತು, ದರ ಏಳಾದರೆ ತಿಂಗಳಿಗೆ ಎಷ್ಟು, ನಾನು ವಾರಕ್ಕೆ ಇನ್ನೆರಡು ದಿನ ಕೆಲಸ ತೆಗೆದುಕೊಂಡರೆ ಎಷ್ಟು ಬರುತ್ತೆ ಅಂತ ಇಬ್ಬರೂ ಬರೆದು ನೋಡಿದೆವು. ಕಷ್ಟವಾಗುತ್ತಿತ್ತು, ಮನೆ ಮುಳುಗುತ್ತಿರಲಿಲ್ಲ. ಆ ಕಾಗದ ನೋಡಿದ ಮೇಲೆ ಇವರು ಎರಡು ವರ್ಷಕ್ಕೆ ಒಪ್ಪಿದರು. ಮನಸ್ಸಿಲ್ಲದ ಮನಸ್ಸಿನಿಂದ ಅಂತ ನನಗೂ ಗೊತ್ತು.

ಅದೇ ಹೊತ್ತಿನಲ್ಲಿ ಮೈಸೂರಿನಿಂದ ಅಣ್ಣ ಫೋನ್ ಮಾಡಿದ್ದ. ಅವನದ್ದು ಫ್ಲೋಟಿಂಗ್ ದರದ ಸಾಲ, ರೆಪೋ ದರಕ್ಕೆ ಜೋಡಿಸಿದ್ದು. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೋವನ್ನು ಶೇ. 4ರಿಂದ 6.5ಕ್ಕೆ ಏರಿಸಿತಲ್ಲ, ಅವನ ಕಂತು ಒಂದು ರೂಪಾಯಿಯೂ ಜಾಸ್ತಿಯಾಗಿರಲಿಲ್ಲ. ಖುಷಿಯಾಗಿದ್ದ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಬ್ಯಾಂಕಿನವರು ಸದ್ದಿಲ್ಲದೆ ವರ್ಷಗಳನ್ನು ಉದ್ದ ಮಾಡಿದ್ದರು. ಅವನ ರಿಟೈರ್‌ಮೆಂಟ್ ದಾಟಿ ಹೋಗಿತ್ತು ಸಾಲ. ನನಗೆ ಹೊಟ್ಟೆಕಿಚ್ಚಾಗಿದ್ದು ಒಂದಕ್ಕೆ ಮಾತ್ರ: ಅಲ್ಲಿ ಫ್ಲೋಟಿಂಗ್ ದರದ ಮನೆ ಸಾಲವನ್ನು ಯಾವಾಗ ಬೇಕಾದರೂ ದಂಡವಿಲ್ಲದೆ ತೀರಿಸಬಹುದು. ನಮ್ಮ ಏರಿಕೆ ಕಣ್ಣಿಗೆ ರಾಚುತ್ತೆ, ಅವನದ್ದು ಕಾಣದ ಹಾಗೆ ಕೂತಿರುತ್ತೆ. ಯಾವುದು ವಾಸಿ ಅಂತ ಅಣ್ಣ ತಂಗಿ ಒಂದು ಗಂಟೆ ಜಗಳ ಆಡಿದೆವು.

ಆ ಎರಡು ವರ್ಷ ಕೈ ಬಿಗಿಹಿಡಿದೇ ಬದುಕಿದ್ದು. ರಜೆಗೆ ಎಲ್ಲೂ ಹೋಗಲಿಲ್ಲ, ಎರಡನೇ ಕಾರು ಮಾರಿದೆವು. 2024ರಲ್ಲಿ ಅಮ್ಮನನ್ನು ವಿಸಿಟರ್ ವೀಸಾದಲ್ಲಿ ಕರೆಸಿಕೊಂಡೆವು. ಆರು ತಿಂಗಳವರೆಗೆ ಇರಬಹುದಿತ್ತು, ನಾಲ್ಕನೇ ತಿಂಗಳಿಗೆ “ಇಲ್ಲಿ ಕಿಟಕಿ ತೆಗೆದ್ರೆ ಒಬ್ರೂ ಕಾಣಲ್ವಲ್ಲೇ” ಅಂತ ಶುರುಮಾಡಿದಳು. ಹೋಗಿಬಿಟ್ಟಳು. 2025ರ ಫೆಬ್ರವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಹೋಗಿ ಆರು ವಾರ ಇದ್ದೆ. ಆಗ ಮೊದಲ ಸಲ ಅಣ್ಣನ ಮನೆಗೆ ಹೋಗಲು ತಾನಾಗಿಯೇ ಒಪ್ಪಿದಳು. ಹಾಸನದ ಮನೆಗೆ ಬೀಗ ಹಾಕುವಾಗ ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಎರಡೆರಡು ಸಲ ಹೇಳಿದಳು.

ಹೀಗೆ ಜುಲೈ ಬಂತು, ನಾವು ಹೋಗಲಿಲ್ಲ. ಮಗಳು ಇಲ್ಲಿಯೇ ಸೆಕೆಂಡರಿ ಶಾಲೆ ಸೇರಿದಳು. ಅಕ್ಟೋಬರ್‌ನ ಗಡುವು ಮತ್ತೆ ಎದುರಿಗೆ. ಈಗ ಗಡುವಿಗೆ ಆರು ತಿಂಗಳ ಮುಂಚೆಯೇ ಹೊಸ ದರ ಹಿಡಿದಿಟ್ಟುಕೊಂಡು, ಅದು ಶುರುವಾಗುವ ಮೊದಲು ಇಳಿದರೆ ಬದಲಾಯಿಸಿಕೊಳ್ಳಬಹುದು. 2023ರ ಮಾರ್ಟ್‌ಗೇಜ್ ಚಾರ್ಟರ್‌ಗೆ ಸೇರಿದ ಬ್ಯಾಂಕುಗಳು ಇದಕ್ಕೆ ಒಪ್ಪಿವೆ. ಏಪ್ರಿಲ್‌ನಲ್ಲೇ ಒಂದನ್ನು ಹಿಡಿದಿಟ್ಟೆವು, ಆಗಸ್ಟ್‌ನಲ್ಲಿ ಬೇಸ್ ರೇಟ್ ಶೇ. 4ಕ್ಕೆ ಇಳಿದ ಮೇಲೆ ಅದನ್ನು ಬಿಟ್ಟು ಶೇ. 4.1ರದ್ದು ತೆಗೆದುಕೊಂಡೆವು. ತಿಂಗಳಿಗೆ 1,195.

ಐದು ವರ್ಷದ್ದು ತೆಗೆದುಕೊಂಡಿದ್ದರೆ ಇನ್ನೂ 1,338 ಕಟ್ಟುತ್ತಿದ್ದೆವು. ಆದರೆ ಇದನ್ನು ಗೆಲುವು ಅಂತ ಇವರ ಮುಂದೆ ನಾನು ಹೇಳಿಕೊಳ್ಳೋ ಹಾಗಿಲ್ಲ. ಎರಡು ವರ್ಷದಲ್ಲಿ ಜಾಸ್ತಿ ಕಟ್ಟಿದ್ದು ಸುಮಾರು 1,400, ಹೊಸದಾಗಿ ಮತ್ತೊಮ್ಮೆ ಕೊಟ್ಟ ಶುಲ್ಕ 999. ತಿಂಗಳಿಗೆ 143ರಂತೆ ಅದು ವಾಪಸ್ ಬರಲು ಹತ್ತಿರಹತ್ತಿರ ಒಂದೂವರೆ ವರ್ಷ ಬೇಕು. ದರ ಏರಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು ಅಂತ ಇವರು ಹೇಳದೆಯೂ ನನಗೆ ಕೇಳಿಸುತ್ತೆ.

ಈ ಸಲವೂ ಇವರು ಐದು ಅಂದರು. ಮಗಳ ಜಿಸಿಎಸ್‌ಇ ಪರೀಕ್ಷೆ 2030ರ ಬೇಸಿಗೆಯಲ್ಲಿ, ಸಾಲದ ಗಡುವೂ ಸರಿಯಾಗಿ ಅದರ ಹಿಂದೆಯೇ ಬರುತ್ತೆ ಅಂತ ಅವರದ್ದೂ ಒಂದು ಬೆರಳೆಣಿಕೆ. ನನಗೆ ಆ ಐದು ವರ್ಷ ಅಮ್ಮನ ವಯಸ್ಸಿನ ಜೊತೆ ಕೂಡಿಕೊಂಡು ಕಾಣುತ್ತೆ. ಎಪ್ಪತ್ತಾರು ಅವಳಿಗೆ. ಮತ್ತೆ ಎರಡೇ ಬರೆದುಕೊಟ್ಟೆವು.

ಅಮ್ಮನಿಗೆ ಬಡ್ಡಿ ಗಿಡ್ಡಿ ತಿಳಿಯದು. ಆದರೆ ಅವತ್ತು ಫೋನಿನಲ್ಲಿ “ಎಷ್ಟು ವರ್ಷಕ್ಕೆ ಬರ್ಕೊಟ್ರಿ?” ಅಂತ ಕೇಳಿದಳು. ಎರಡು ಅಂದೆ. “ಎರಡಾ?” ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣನ ಮನೆಯ ನಲ್ಲಿ ನೀರು ಉಪ್ಪು, ಬೇಳೆ ಬೇಯೋದೇ ಇಲ್ಲ ಅಂತ ಹೇಳತೊಡಗಿದಳು.