ಎರಡು ಕಾಲು, ಎರಡೂಕಾಲು ಗಂಟೆ

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಈ ಬಾಲಂಗೋಚಿ ಅಂಕಿಗಳಿಗೆ 1908ರ ಲಂಡನ್ ಒಲಿಂಪಿಕ್ಸೇ ಕಾರಣ. ವಿಂಡ್ಸರ್ ಅರಮನೆಯಲ್ಲಿ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದೆದುರು ಮುಗಿದ ಆ ಓಟದ ದೂರವೇ ಮುಂದೆ ಶಾಸ್ತ್ರವಾಯಿತು. ಅದರಲ್ಲಿ ಅರ್ಧ ನಮ್ಮ ಪಾಲಿಗೆ. ಅರಸರಿಗೆ ಅನುಕೂಲ, ನನ್ನ ಮಂಡಿಗೆ ತೊಂಬತ್ತೇಳೂವರೆ ಮೀಟರ್ ದಂಡ.

ನಿವೃತ್ತಿಯ ನಂತರ ಓಡಲು ಕಲಿತ ನನಗಿರುವುದು ಒಂದೇ ಹಟ, ಇದನ್ನು ಎರಡೂಕಾಲು ಗಂಟೆಯೊಳಗೆ ಮುಗಿಸಬೇಕು. "ಅಲ್ಲೇನು ಯಾರಾದ್ರೂ ಕಾಯ್ತಾ ಕೂತಿರ್ತಾರಾ?" ಎನ್ನುತ್ತಾಳೆ ಹೆಂಡತಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪೆನ್ಷನ್ನು, ಡಿಎ ಎಂದು ಚರ್ಚಿಸುತ್ತ ನಡೆಯುವ ಗೆಳೆಯರದು ಬೇರೆ ಪ್ರಶ್ನೆ: "ಏನ್ ಸಾರ್, ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ?"

ಲೆಕ್ಕ ಸೂಕ್ಷ್ಮವಾದದ್ದು. ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡಿನಂತೆ ಓಡಿದರೆ ಎರಡೂಕಾಲು ಗಂಟೆಯ ಮೇಲೆ ಒಂದೇ ಒಂದು ಸೆಕೆಂಡು ಹೆಚ್ಚಾಗುತ್ತದೆ! ಇನ್ನು ಹಾದಿ ಅಳೆಯುವವರು ತಿರುವಿನ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅತಿ ಹತ್ತಿರದ ಗೆರೆ ಹಿಡಿಯುತ್ತಾರೆ. ದೂರ ಕಡಿಮೆಯಾಗದಿರಲಿ ಎಂದು ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ. ನಮಗದು 21 ಮೀಟರ್. ಸೊಪ್ಪಿನವಳ ಹತ್ತಿರ ಜಗಳವಾಡಿ ಕೊಸರು ಹಾಕಿಸಿಕೊಳ್ಳುವ ನನಗೆ ಈ ಕೊಸರು ಮಾತ್ರ ಬೇಡ. ನನ್ನ ವೇಗಕ್ಕೆ ಅದು ಎಂಟು ಸೆಕೆಂಡು. ನೀರಿನ ಮೇಜಿನತ್ತ ಓರೆಯಾಗಿ ಹೋಗಿ, ಮುಂದಿನವರನ್ನು ಬಳಸಿ ಓಡುವಷ್ಟರಲ್ಲಿ ಇನ್ನೊಂದಿಷ್ಟು. ಕಳೆದ ಓಟದಲ್ಲಿ ನನ್ನ ಕೈಗಡಿಯಾರ ಸರಿಯಾಗಿ ಎರಡೂಕಾಲಕ್ಕೆ ದೂರ ಮುಗಿಯಿತೆಂದು ಗುಂಯ್‌ಗುಟ್ಟಿ ಅಭಿನಂದಿಸಿತು. ಮುಕ್ತಾಯದ ಕಮಾನು ಮಾತ್ರ ಅಷ್ಟು ದೂರದಲ್ಲಿ ಗಾಳಿಗೆ ಅಲ್ಲಾಡುತ್ತಿತ್ತು.

ಕೆನಡಾದ ಎಡ್ ವಿಟ್ಲಾಕ್ ಎಂಬ ಮಹಾನುಭಾವ 2004ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ಪೂರ್ತಿ ಮ್ಯಾರಥಾನನ್ನು 2 ಗಂಟೆ 54 ನಿಮಿಷದಲ್ಲಿ ಓಡಿದ. 85ಕ್ಕೆ 3 ಗಂಟೆ 56 ನಿಮಿಷ. ಅಂದರೆ ಅರ್ಧ ದಾರಿಗೆ ಸರಾಸರಿ ಎರಡು ಗಂಟೆಯೂ ಬೇಕಾಗಿಲ್ಲ. ಅವನ ಅಭ್ಯಾಸವೆಲ್ಲ ಮನೆ ಹತ್ತಿರದ ಸ್ಮಶಾನದಲ್ಲಿ, ಗಂಟೆಗಟ್ಟಲೆ ಸುತ್ತು. ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಅಲ್ಲಿ ಕೇಳುವವರಿಲ್ಲವಲ್ಲ!

ನಮ್ಮಂಥವರಿಗೆಂದೇ ವಯಸ್ಸಿಗೆ ತಕ್ಕ ಲೆಕ್ಕವೊಂದಿದೆ. ಆ ವಯಸ್ಸಿನ ಶ್ರೇಷ್ಠ ಸಮಯಕ್ಕೆ ಹೋಲಿಸಿ ಶೇಕಡಾವಾರು ಅಂಕ ಕೊಡುತ್ತಾರೆ. ರೈಲ್ವೆಯವರು ಹಿರಿಯರ ರಿಯಾಯಿತಿಯನ್ನು 2020ರಲ್ಲೇ ನಿಲ್ಲಿಸಿದ್ದಾರೆ, ಇದಾದರೂ ಇರಲಿ ಎನ್ನಬಹುದು. ನನಗೆ ಒಗ್ಗಲಿಲ್ಲ. ವರ್ಷ ಕಳೆದಂತೆ ಹೃದಯ ಬಡಿಯಬಲ್ಲ ಗರಿಷ್ಠ ವೇಗ ಇಳಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಎರಡೂಕಾಲು ಗಂಟೆ ನಿಂತಲ್ಲೇ ನಿಂತಿದೆ. ಹಿಂದಕ್ಕೆ ಸರಿಯುತ್ತಿರುವವನು ನಾನು. ಅಂಕದ ಕೃಪೆಯಿಂದ ಅದನ್ನು ಮರೆಯುವುದಕ್ಕಿಂತ ಕೆಲವು ಸೆಕೆಂಡಿನಲ್ಲಿ ಸೋಲುವುದೇ ವಾಸಿ. ಕೊನೇಪಕ್ಷ ಸೋತದ್ದು ಎಷ್ಟರಲ್ಲಿ ಎಂದು ಗೊತ್ತಿರುತ್ತದೆ.

ಓಟದ ದಿನ ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಪುಣ್ಯಾತ್ಮರಲ್ಲಿ ಒಂದು ವಿನಂತಿ. ನೀರು ಕೊಡಿ, ಕಿತ್ತಳೆ ಕೊಡಿ, ಬೇಕಾದರೆ "ನಿಧಾನ, ತಾತ" ಎಂದೂ ಅನ್ನಿ. ಆದರೆ ಹದಿನಾರನೇ ಕಿಲೋಮೀಟರಿನಲ್ಲಿ ನಿಂತು "ಇನ್ನೇನು ಬಂದೇಬಿಡ್ತು" ಎನ್ನಬೇಡಿ. ಅಲ್ಲಿಂದ ಇನ್ನೂ ಐದು ಕಿಲೋಮೀಟರ್ ಇರುತ್ತದೆ.