ಎರಡು ದಿನಕ್ಕೆ 53,100 ರೂಪಾಯಿ

ಚೆನ್ನೈನ ಪೋರೂರಿನ ಆ ಮನೆಯ ಊಟದ ಮೇಜಿನ ಮೇಲೆ ಮೂರು ವಾರದಿಂದ ಒಂದು ಹಾಳೆ ಬಿದ್ದಿತ್ತು. ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಎರಡು ದಿನದ ಪರ್ಫಾರ್ಮೆನ್ಸ್ ಡ್ರೈವಿಂಗ್ ಕೋರ್ಸ್. ಶುಲ್ಕ 45,000 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಆತನೇ ಕೂಡಿಸಿ ಬರೆದಿದ್ದ: 53,100. ಅದರ ಮೇಲೆ ಸಾರಿನ ಒಂದು ಕಲೆಯೂ ಆಗಿತ್ತು. ಹೆಂಡತಿ ದಿನಾ ಮೇಜು ಒರೆಸುವಾಗ ಹಾಳೆಯನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ.

ಆತ ತುಮಕೂರಿನವನು. ಒರಗಡಂನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಊರಲ್ಲಿ ಅಮ್ಮ ಒಬ್ಬರೇ. ತಿಂಗಳಿಗೊಮ್ಮೆಯಾದರೂ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ: ಶ್ರೀಪೆರಂಬುದೂರು, ವೆಲ್ಲೂರು, ಆಂಬೂರು, ಕೃಷ್ಣಗಿರಿ, ಹೊಸೂರು, ಬೆಂಗಳೂರು ದಾಟಿ ತುಮಕೂರು. "ಅಷ್ಟು ದೂರ ಗಾಡಿ ಯಾಕೋ, ರೈಲಲ್ಲಿ ಬಾರೋ" ಅಂತ ಅಮ್ಮ ಪ್ರತಿ ಸಲ ಹೇಳುತ್ತಿದ್ದರು. ಆತ ಪ್ರತಿ ಸಲ ನಗುತ್ತಿದ್ದ. ಡ್ರೈವಿಂಗ್ ಎಂದರೆ ಆತನಿಗೆ ಇಷ್ಟ. ತಾನು ಚೆನ್ನಾಗಿ ಓಡಿಸುತ್ತೇನೆ ಎಂಬ ನಂಬಿಕೆಯೂ ಇತ್ತು.

ಆಯುಧಪೂಜೆ ಮುಗಿಸಿಕೊಂಡು ವಾಪಸ್ ಬರುವಾಗ ಅದು ನಡೆಯಿತು. ರಾತ್ರಿ ಒಂಬತ್ತರ ಸುಮಾರು, ವೆಲ್ಲೂರು ದಾಟಿದ ಮೇಲೆ ಜೋರು ಮಳೆ. ರಸ್ತೆ ತುಸು ತಗ್ಗಾಗಿದ್ದ ಕಡೆ ನೀರು ನಿಂತಿತ್ತು. ಸ್ಟೀರಿಂಗ್ ಒಮ್ಮೆಲೇ ಹಗುರಾಯಿತು, ಕೈಯಲ್ಲಿ ಏನೂ ಇಲ್ಲದ ಹಾಗೆ. ಕಾರು ಅಡ್ಡಕ್ಕೆ ಜಾರಿ, ಡಿವೈಡರಿಗೆ ಉಜ್ಜಿ, ತಿರುಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅಷ್ಟೇ ಪುಣ್ಯ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಒಂಬತ್ತು ವರ್ಷದ ಮಗಳು ಮುಂದಿನ ಸೀಟಿಗೆ ಬಡಿದಳು. ಹುಬ್ಬಿನ ಮೇಲೆ ಮೂರು ಹೊಲಿಗೆ. ಅದಾದ ಮೇಲೆ ತುಮಕೂರಿಗೆ ಹೋಗಬೇಕಾಗಿ ಬಂದಾಗ ಹೆಂಡತಿ ಮಗಳನ್ನು ಕರೆದುಕೊಂಡು ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬೇರೆ ರೈಲು ಹಿಡಿದಳು. ಆತ ಖಾಲಿ ಕಾರು ಓಡಿಸಿಕೊಂಡು ಹೋದ.

ಕೋರ್ಸಿನ ಯೋಚನೆ ಹುಟ್ಟಿದ್ದು ಆಗ. ಜಾರಿದ ಕಾರನ್ನು ಹಿಡಿಯುವುದು ಕಲಿತರೆ ಇಂಥದ್ದು ಮತ್ತೆ ಆಗುವುದಿಲ್ಲ, ಆಕೆಗೂ ಧೈರ್ಯ ಬರುತ್ತದೆ ಎಂಬುದು ಆತನ ಲೆಕ್ಕ.

ಇಂಥ ಆಸೆಗೆ ಚೆನ್ನೈಗಿಂತ ಒಳ್ಳೆಯ ಊರು ಈ ದೇಶದಲ್ಲಿ ಇನ್ನೊಂದಿಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಶುರುವಾಯಿತು. ಎರಡನೇ ಮಹಾಯುದ್ಧದ ಕಾಲದ ಶೋಲವರಂ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ರೇಸ್ ನಡೆದವು. ಆಮೇಲೆ ಕ್ಲಬ್ಬೇ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿತು. 1990ರಲ್ಲಿ ತೆರೆದ ಅದರ ಉದ್ದ ಸುಮಾರು 3.7 ಕಿಲೋಮೀಟರ್. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಇದೇ ರಾಜ್ಯದ ಕೊಯಮತ್ತೂರಿನವರು. 2010ರಲ್ಲಿ ಎರಡನೆಯವರಾದ ಕರುಣ್ ಚಾಂದೋಕ್ ಚೆನ್ನೈಯವರೇ. ಬೆಂಗಳೂರು ಹೆದ್ದಾರಿಯಲ್ಲಿ ಹ್ಯುಂಡೈ ಕಾರ್ಖಾನೆಯ ಬಳಿ ಹಾಯುವಾಗೆಲ್ಲ ಆತನ ಕಣ್ಣು ಟ್ರ್ಯಾಕಿನ ಕಡೆಗೆ ಹೊರಳುತ್ತಿತ್ತು.

ಒಂದು ಭಾನುವಾರ ಆತ ಅಲ್ಲಿಗೇ ಹೋದ. ಒಂದು ತಂಡಕ್ಕೆ ತರಬೇತಿ ನಡೆದಿತ್ತು. ಬಿಡುವಿನಲ್ಲಿ ಸಿಕ್ಕ ತರಬೇತುದಾರರೊಬ್ಬರು ತಮಿಳಿನಲ್ಲಿ ಸಮಾಧಾನವಾಗಿ ಎಲ್ಲ ಹೇಳಿದರು. ಮೊದಲ ಒಂದೆರಡು ಗಂಟೆ ಸೀಟಿನಲ್ಲಿ ಕೂರುವುದು ಹೇಗೆಂಬ ಪಾಠ: ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರಬೇಕು, ಬೆನ್ನು ಸೀಟಿಗೆ ಅಂಟಿದ್ದಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಆಮೇಲೆ ಕಣ್ಣು, ಅಂದರೆ ಬಾನೆಟ್ಟಿನ ಮುಂದಿನ ರಸ್ತೆಯನ್ನಲ್ಲ, ತಿರುವಿನ ಆಚೆ ತುದಿಯನ್ನು ನೋಡುವುದು. ಆಮೇಲೆ ಬ್ರೇಕ್. ಬಹಳ ಜನ ಜೀವಮಾನದಲ್ಲಿ ಒಮ್ಮೆಯೂ ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿರುವುದಿಲ್ಲ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಬಹುದು.

"ಉಳಿದದ್ದು?" ಅಂತ ಆತ ಕೇಳಿದ.

ಉಳಿದದ್ದು ಟ್ರ್ಯಾಕಿಗೆ, ಎಂದರು ಅವರು. ತಿರುವನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು, ಕಾರಿನ ಭಾರ ಮುಂದಕ್ಕೂ ಹಿಂದಕ್ಕೂ ಹೇಗೆ ಸರಿಯುತ್ತದೆ, ಟೈರಿಗಿರುವ ಒಂದೇ ಹಿಡಿತವನ್ನು ಬ್ರೇಕಿಗೂ ತಿರುವಿಗೂ ಹೇಗೆ ಹಂಚಬೇಕು. ಬಹಳ ಖುಷಿ ಕೊಡುವ ವಿದ್ಯೆ. ಆದರೆ ಎದುರಿಗೆ ಎತ್ತು, ಆಟೋ, ತಪ್ಪು ದಿಕ್ಕಿನಲ್ಲಿ ಬರುವ ಬೈಕು ಇಲ್ಲದ ಕಡೆಗೆ ಹೇಳಿಮಾಡಿಸಿದ ವಿದ್ಯೆ. ಸ್ವಂತ ಕಾರು ತಂದರೆ ಟೈರು, ಬ್ರೇಕ್ ಪ್ಯಾಡ್ ಸವೆತ ಬೇರೆ. ರೇಸಿಂಗ್, ವೇಗ ಪರೀಕ್ಷೆ ಇಂಥವಕ್ಕೆ ಮಾಮೂಲಿ ಕಾರು ವಿಮೆ ಅನ್ವಯಿಸುವುದಿಲ್ಲ ಎನ್ನುವುದನ್ನೂ ಅವರೇ ನೆನಪಿಸಿದರು.

ಆತ ಮನೆಗೆ ಬಂದು ಓದತೊಡಗಿದ. ವರದಿ ಓದುವುದು ಹೊಟ್ಟೆಪಾಡಿನ ಅಭ್ಯಾಸ. 1974ರಲ್ಲಿ ಅಮೆರಿಕದಲ್ಲಿ ಫ್ಲಾರಿಡಾ, ನ್ಯೂಯಾರ್ಕ್, ಟೆಕ್ಸಾಸ್ ರಾಜ್ಯಗಳ ಪರವಾನಗಿ ಪಡೆದ ರೇಸ್ ಚಾಲಕರ ಸಾಮಾನ್ಯ ರಸ್ತೆಯ ದಾಖಲೆಗಳನ್ನು ಬೇರೆಯವರ ದಾಖಲೆಗಳ ಜತೆ ಹೋಲಿಸಿ ನೋಡಿದ್ದರು. ಒಟ್ಟಾರೆ ಅಪಘಾತ, ಅತಿವೇಗದ ದಂಡ ಎರಡೂ ರೇಸಿನವರಲ್ಲೇ ಹೆಚ್ಚು. ನಾರ್ವೆ 1979ರಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯ ತರಬೇತಿಯನ್ನು ಕಡ್ಡಾಯ ಮಾಡಿತು. ಆಮೇಲೆ ಲೆಕ್ಕ ಹಾಕಿದಾಗ ತರಬೇತಿ ಪಡೆದ ಯುವಕರ ಅಪಘಾತಗಳು ಜಾರುವ ರಸ್ತೆಯಲ್ಲಿ ಇಳಿಯುವ ಬದಲು ಏರಿದ್ದವು. 1996ರ ಸ್ವೀಡನ್ ಅಧ್ಯಯನವೊಂದರಲ್ಲಿ ಕಲಿಯುವವರ ಒಂದು ಗುಂಪಿಗೆ ಕಾರನ್ನು ಹತೋಟಿಗೆ ತರುವ ಕೌಶಲ ಕಲಿಸಿದರು, ಇನ್ನೊಂದಕ್ಕೆ ತಮ್ಮ ಮಿತಿ ಎಷ್ಟೆಂದು ತೋರಿಸಿಕೊಟ್ಟರು. ಆಮೇಲೆ ಪರೀಕ್ಷಿಸಿದಾಗ ಎರಡೂ ಗುಂಪು ಓಡಿಸಿದ್ದು ಒಂದೇ ಥರ. ಕೌಶಲ ಕಲಿತವರು ಮಾತ್ರ ತಮ್ಮನ್ನು ಇನ್ನೂ ಮೇಲೆ ಅಂದುಕೊಂಡಿದ್ದರು. 1981ರ ಮತ್ತೊಂದು ಸಮೀಕ್ಷೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲಿ ಶೇಕಡಾ 93ರಷ್ಟು ಮಂದಿ, ಅಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗಿಂತ ತಾವು ಚೆನ್ನಾಗಿ ಓಡಿಸುತ್ತೇವೆ ಎಂದಿದ್ದರು. ಆ ಕೊಠಡಿಯಲ್ಲಿದ್ದಿದ್ದರೆ ತಾನೂ ಕೈ ಎತ್ತುತ್ತಿದ್ದೆ ಎಂದು ಆತನಿಗೆ ಗೊತ್ತಿತ್ತು.

ಇನ್ನೊಂದು ಲೆಕ್ಕ ಹೆಚ್ಚು ಕಾಡಿತು. ನೀರಿನ ಮೇಲೆ ಟೈರು ಯಾವಾಗ ತೇಲುತ್ತದೆ ಎನ್ನಲು ನಾಸಾ ವಿಮಾನದ ಚಕ್ರಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ ಬಂದ ಹಳೆಯ ಸೂತ್ರವೊಂದಿದೆ. ಅದರ ಪ್ರಕಾರ ಟೈರಿನ ಗಾಳಿ 33 ಪಿಎಸ್‌ಐ ಇದ್ದರೆ ಗಂಟೆಗೆ 95 ಕಿಲೋಮೀಟರಿನ ಆಸುಪಾಸು, 26 ಇದ್ದರೆ 85ರ ಆಸುಪಾಸು. ಕಾರಿಗೆ ಇದು ಅಂದಾಜು ಮಾತ್ರ. ಟೈರು ಸವೆದು ನೀರು ಆಳವಿದ್ದರೆ ಇನ್ನೂ ಮೊದಲೇ ತೇಲಬಹುದು. ಒಮ್ಮೆ ತೇಲಿತೆಂದರೆ ರಬ್ಬರಿಗೂ ಡಾಂಬರಿಗೂ ಸಂಬಂಧವೇ ಇಲ್ಲ. ಆಗ ಸ್ಟೀರಿಂಗ್ ಹಿಡಿದಿರುವುದು ವಿಶ್ವ ಚಾಂಪಿಯನ್ ಆದರೂ ವೇಗ ಇಳಿಯುವ ತನಕ ಕಾಯಬೇಕು. ಹಾಗಾದರೆ ಆ ರಾತ್ರಿ ಈ ಕೋರ್ಸು ತನಗೆ ಏನು ಮಾಡಿಕೊಡುತ್ತಿತ್ತು?

ಆ ರಾತ್ರಿ ಊಟದ ಹೊತ್ತಿಗೆ ಆತ ಈ ಸೂತ್ರವನ್ನು ಹೆಂಡತಿಗೆ ವಿವರಿಸಿದ. ನೀರು ಹೇಗೆ ಟೈರನ್ನು ಎತ್ತುತ್ತದೆ ಎಂದು ತಟ್ಟೆಯ ಅಂಚಿನಲ್ಲಿ ಚಮಚ ಇಟ್ಟು ತೋರಿಸಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಆವತ್ತು ಎಷ್ಟು ಸ್ಪೀಡಲ್ಲಿದ್ರಿ?" ಎಂದಳು.

ಎರಡು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅಮ್ಮನಿಗೆ, ಆಫೀಸಿನಲ್ಲಿ, ಗ್ಯಾರೇಜಿನಲ್ಲಿ ಆತ ಹೇಳಿದ್ದು ಒಂದೇ ಮಾತು: "ರಸ್ತೆ ಮೇಲೆ ನೀರು ನಿಂತಿತ್ತು." ಕಾರ್ಖಾನೆಯಲ್ಲಿ ಒಂದು ಬಿಡಿಭಾಗ ಕೆಟ್ಟು ಬಂದರೆ ಐದು ಸಲ "ಯಾಕೆ" ಎಂದು ಕೇಳದೆ ಆತ ಕಡತ ಮುಚ್ಚುವುದಿಲ್ಲ. ಜಪಾನಿನ ಟೊಯೋಟಾದಿಂದ ಬಂದ ಪದ್ಧತಿ ಅದು. ಈ ಕಡತವನ್ನು ಮಾತ್ರ ಮೊದಲ "ಯಾಕೆ"ಗೇ ಮುಚ್ಚಿಬಿಟ್ಟಿದ್ದ.

"ನೂರ ಹತ್ತು" ಎಂದ.

"ಆ ಮಳೆಯಲ್ಲಿ?"

"ಹೂಂ."

ಮಿಕ್ಕ ಉತ್ತರಗಳೂ ಆಗ ಬಂದವು. ನೂರ ಹತ್ತು ಯಾಕೆಂದರೆ ಹನ್ನೊಂದರೊಳಗೆ ಮನೆ ಸೇರುವ ಆತುರ. ಆತುರ ಯಾಕೆಂದರೆ ಮರುದಿನ ಬೆಳಿಗ್ಗೆ ಆಡಿಟ್. ಟೈರುಗಳು ಐವತ್ತೆರಡು ಸಾವಿರ ಕಿಲೋಮೀಟರ್ ಓಡಿದ್ದವು. ಇನ್ನೊಂದು ಟ್ರಿಪ್ ಆಗಲಿ ಎಂದುಕೊಂಡಿದ್ದ. ಮಗಳು ಬೆಲ್ಟ್ ಕಳಚಿ ಮಲಗಿದಾಗ ಆಕೆ ಎಬ್ಬಿಸಲು ಹೋಗಿದ್ದಳು. "ಮಲಗಲಿ ಬಿಡೇ" ಎಂದವನು ಆತನೇ. ಹೇಳಿ ಮುಗಿಸುವಾಗ ತಟ್ಟೆಯಲ್ಲಿನ ಅನ್ನ ಒಣಗಿತ್ತು.

ಆಕೆ ಬೈಯಲಿಲ್ಲ. "ಟೈರ್ ಹಾಕ್ಸಿ" ಎಂದಳು. "ಕೋರ್ಸಿಗೂ ಬೇಕಾದ್ರೆ ಹೋಗಿ. ನಿಮಗೆ ಆಸೆ ಇದೆ ಅಂತ ನನಗೆ ಗೊತ್ತಿಲ್ವಾ? ಆದ್ರೆ ನಮ್ಮಿಬ್ಬರ ಹೆಸರು ಹೇಳ್ಕೊಂಡು ಹೋಗಬೇಡಿ."

ಮಲಗುವ ಮುಂಚೆ ಆತ ಅದೇ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದ. ಗಂಟೆಗೆ 80ರಲ್ಲಿ ಹೋಗುವ ಕಾರು, ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿದರೂ, ಒಣ ರಸ್ತೆಯಲ್ಲಿ ಸುಮಾರು 54 ಮೀಟರಿನಲ್ಲಿ ನಿಲ್ಲುತ್ತದೆ. 100ರಲ್ಲಿ ಹೋಗುವ ಅದೇ ಕಾರು ಅದೇ ಜಾಗಕ್ಕೆ ಬಂದಾಗ ಇನ್ನೂ ಸುಮಾರು 69 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ಇಪ್ಪತ್ತನ್ನು ಇಳಿಸಲು ಶುಲ್ಕವಿಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹತ್ತಕ್ಕೆ ಏಳು ಸಾವು ಅತಿವೇಗದ ಲೆಕ್ಕದಲ್ಲಿವೆ. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715, ಹೆಚ್ಚುಕಡಿಮೆ ಅರ್ಧ ಚಾಲಕರು, ಅರ್ಧ ಜತೆಯಲ್ಲಿದ್ದವರು.

ಮನೆಯವರ ಸುರಕ್ಷತೆ ಎಂದು ಬರೆದ ಕೆಳಗೆ ಬಂದದ್ದು ಇಷ್ಟು: ನಾಲ್ಕು ಹೊಸ ಟೈರು, ಅಲೈನ್‌ಮೆಂಟ್ ಸೇರಿ 27,000. ಗಾಳಿ ನೋಡುವ ಗೇಜು 400. ಹಿಂದಿನ ಬೆಲ್ಟಿಗೆ ಸೊನ್ನೆ. 80ರ ವೇಗಕ್ಕೂ ಸೊನ್ನೆ, ಆದರೆ ತುಮಕೂರಿಗೆ ಒಂದು ಗಂಟೆಗೂ ಹೆಚ್ಚು ತಡ. ರಾತ್ರಿ ಹೊರಡುವುದು ಬಿಟ್ಟರೆ ಅರ್ಧ ದಿನ ರಜೆ. ಆಮೇಲೆ ಬೇರೆ ಗೆರೆ ಎಳೆದು "ನನ್ನ ಆಸೆ" ಎಂದು ಬರೆದು ಅದರೆದುರು 53,100 ಹಾಕಿದ. ಹಾಗೆ ಬರೆದ ಮೇಲೆ ಅದು ದುಬಾರಿ ಅನ್ನಿಸಲಿಲ್ಲ, ಅಗ್ಗವೂ ಅನ್ನಿಸಲಿಲ್ಲ. ಜನ ಕ್ಯಾಮೆರಾಕ್ಕೆ, ಹಿಮಾಲಯದ ಚಾರಣಕ್ಕೆ ಅಷ್ಟು ಹಾಕುತ್ತಾರೆ. ಮುಂದಿನ ವರ್ಷ ಬೋನಸ್ ಬಂದರೆ ನೋಡೋಣ ಎಂದು ಹಾಳೆ ಮಡಿಸಿ ಕಪಾಟಿನಲ್ಲಿಟ್ಟ. ಆ ತರಬೇತುದಾರರು ಪುಕ್ಕಟೆಯಾಗಿ ಹೇಳಿಕೊಟ್ಟಿದ್ದ ಪಾಠ ನೆನಪಾಗಿ, ಮರುದಿನ ಬೆಳಿಗ್ಗೆ ಕಾರಿನಲ್ಲಿ ಕೂತು ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡ.

ಡಿಸೆಂಬರ್ ಕೊನೆಯ ರಜೆಗೆ ರೈಲಿನ ಟಿಕೆಟ್ ತೆಗೆಯೋಣವೇ ಎಂದು ಆತನೇ ಕೇಳಿದ. ಬೇಡ, ಕಾರಲ್ಲೇ ಹೋಗೋಣ ಎಂದಳು. ಬೆಳಿಗ್ಗೆ ಆರಕ್ಕೆ ಹೊರಟರು. ಮಗಳ ಬೆಲ್ಟನ್ನು ಆತನೇ ಎಳೆದು ನೋಡಿದ. ವಾಲಾಜಾಪೇಟೆಯ ಹತ್ತಿರ ಮಳೆ ಹನಿಯತೊಡಗಿದಾಗ ಮುಳ್ಳು 60ಕ್ಕೆ ಇಳಿಯಿತು. ಬಸ್ಸೊಂದು ಹಾರನ್ ಹೊಡೆದು, ಕಾರಿನ ಮೇಲೆಲ್ಲ ನೀರೆರಚಿ ಮುಂದೆ ಹೋಯಿತು. ಆತ ಎಡಕ್ಕೆ ಸರಿದುಕೊಂಡು ಪಕ್ಕಕ್ಕೆ ನೋಡಿದ. ಹೆಂಡತಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ತುಂಬ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಎಲ್ಲಿದ್ದೀವಿ?" ಎಂದಳು.

"ಆಂಬೂರು."

"ಇನ್ನೂ ಆಂಬೂರಾ?" ಎಂದು ಮತ್ತೆ ಕಣ್ಣು ಮುಚ್ಚಿದಳು.